ಉಳುವಾಗ ನಿಂತುಬಿಡುವ ಹಳೆಯ ಮ್ಯಾಸಿ ಟ್ರ್ಯಾಕ್ಟರ್: ಡೀಸೆಲ್ ದಾರಿಯ ದೋಷವನ್ನು ಪತ್ತೆ ಹಚ್ಚುವ ಕ್ರಮ

ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗುವ ಟ್ರ್ಯಾಕ್ಟರ್ ಹೊಲಕ್ಕಿಳಿದು ಮುಕ್ಕಾಲು ಗಂಟೆ ಕಲ್ಟಿವೇಟರ್ ಎಳೆದ ಮೇಲೆ ಮೆಲ್ಲನೆ ಬಲ ಕಳೆದುಕೊಳ್ಳುತ್ತದೆ, ಎರಡು ಮೂರು ಸಲ ತಡವರಿಸುತ್ತದೆ, ಆಮೇಲೆ ಸಾಲಿನ ಮಧ್ಯದಲ್ಲೇ ನಿಂತುಬಿಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿದರೆ ಕೆಲವೊಮ್ಮೆ ಏನೂ ಆಗದಂತೆ ಹೊರಡುತ್ತದೆ, ಕೆಲವೊಮ್ಮೆ ಏರ್ ತೆಗೆಯದ ಹೊರತು, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿಯನ್ನು ಹೊರಹಾಕದ ಹೊರತು, ಜಗ್ಗುವುದಿಲ್ಲ. ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ಈ ಒಂದು ದೋಷವನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಮ್ಯಾಸಿ ಫರ್ಗ್ಯುಸನ್ 35 ಮತ್ತು ನಮ್ಮ ದೇಶದಲ್ಲಿ ಅದರ ಮುಂದುವರಿಕೆಯಾಗಿ ಬಂದ 1035. ಇವೆರಡರಲ್ಲೂ ಸಾಮಾನ್ಯವಾಗಿ ಕಾಣುವುದು ಪರ್ಕಿನ್ಸ್ 3.152 ವಿನ್ಯಾಸದ, ಮೂರು ಸಿಲಿಂಡರಿನ, ಸುಮಾರು 2.5 ಲೀಟರ್ ಗಾತ್ರದ ಡೀಸೆಲ್ ಇಂಜಿನ್.

ಈ ದೋಷಕ್ಕೆ ಗ್ಯಾರೇಜಿನಲ್ಲಿ ಮೊದಲು ಸಿಗುವ ಉತ್ತರ ಹೆಚ್ಚಾಗಿ ಒಂದೇ: ಡೀಸೆಲ್ ಪಂಪ್ (ಡೀಸೆಲನ್ನು ಹೆಚ್ಚಿನ ಒತ್ತಡದಲ್ಲಿ ಸಿಲಿಂಡರುಗಳಿಗೆ ಕಳಿಸುವ ಭಾಗ) ಹೋಗಿದೆ, ಬಿಚ್ಚಿ ಸರ್ವಿಸ್‌ಗೆ ಕಳಿಸಬೇಕು. ಡೀಸೆಲ್ ದಾರಿಯಲ್ಲಿ ಅತ್ಯಂತ ದುಬಾರಿಯಾದ ಭಾಗ ಅದೇ, ಮತ್ತು ಸಂಶಯವಿದ್ದಾಗ ಕೊನೆಯಲ್ಲಿ ಮುಟ್ಟಬೇಕಾದ ಭಾಗವೂ ಅದೇ. ಅದಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳದಿಂದ ಆರಂಭಿಸಿ ಒಂದೊಂದಾಗಿ ನೋಡಿಕೊಂಡು ಬರಬೇಕಾದ ಆರೇಳು ಜಾಗಗಳಿವೆ. ಅವುಗಳ ಪೈಕಿ ಹೆಚ್ಚಿನವಕ್ಕೆ ಬೇಕಾಗುವುದು ಒಂದು ಸ್ಪ್ಯಾನರ್, ಒಂದು ಬಕೆಟ್, ಒಂದು ಮೊಳ ಪಾರದರ್ಶಕ ಪೈಪ್ ಮತ್ತು ತಾಳ್ಮೆ.

ನಿಲ್ಲುವ ಕ್ಷಣವನ್ನು ನೋಡುವುದು

ಬಿಚ್ಚುವ ಕೆಲಸಕ್ಕೆ ಕೈ ಹಾಕುವ ಮೊದಲು ದೋಷವನ್ನು ಒಮ್ಮೆ ಬೇಕೆಂದೇ ಬರಿಸಿ, ಇಂಜಿನ್ ನಿಲ್ಲುವ ಆ ಅರ್ಧ ನಿಮಿಷದಲ್ಲಿ ಸೈಲೆನ್ಸರಿನ ಹೊಗೆಯ ಮೇಲೆ ಕಣ್ಣಿಡಬೇಕು. ಚಾಲಕ ಒಬ್ಬನೇ ಇದ್ದರೆ ಇದು ಕಷ್ಟವಾದ್ದರಿಂದ ಇನ್ನೊಬ್ಬರನ್ನು ಸುರಕ್ಷಿತ ದೂರದಲ್ಲಿ ಬದುವಿನ ಮೇಲೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಹೊಗೆ ಕ್ರಮೇಣ ತೆಳುವಾಗಿ, ಇಂಜಿನ್ ಹಸಿದಂತೆ ಸೊರಗಿ ನಿಂತರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲವೆಂದೇ ಅರ್ಥ. ದಟ್ಟ ಕಪ್ಪು ಹೊಗೆ ಕಾರುತ್ತಾ ನಿಂತರೆ ಡೀಸೆಲ್ ಇದೆ, ಗಾಳಿ ಇಲ್ಲ: ಏರ್ ಕ್ಲೀನರಿನ ಎಣ್ಣೆ ಕೆಸರಾಗಿರಬಹುದು, ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿರಬಹುದು, ಅಥವಾ ಒಳಗಿನ ಜಾಲರಿ ಕಟ್ಟಿಕೊಂಡಿರಬಹುದು. ಬಿಳಿ ಹೊಗೆಯ ಉಂಡೆಗಳ ಜೊತೆ ಬಡಿತ ತಪ್ಪುತ್ತಿದ್ದರೆ ಡೀಸೆಲಿನಲ್ಲಿ ನೀರು ಅಥವಾ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಇಂಜಿನ್ ಬಿಗಿದುಕೊಂಡಂತೆ ತಟ್ಟನೆ ನಿಂತು, ಬಿಸಿಯ ಮುಳ್ಳು ಮೇಲೇರಿದ್ದರೆ ಅದು ಬೇರೆಯೇ ರೋಗ. ಆಗ ಈ ಬರಹವನ್ನು ಬದಿಗಿಟ್ಟು, ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನವನ್ನೂ ಬಿಟ್ಟು, ನೀರು ಮತ್ತು ಇಂಜಿನ್ ಎಣ್ಣೆಯನ್ನು ನೋಡಬೇಕು.

ಹೊಗೆ ತೆಳುವಾಗಿ ನಿಂತಿದೆ ಎಂದಿಟ್ಟುಕೊಳ್ಳೋಣ. ಎರಡನೆಯ ಸುಳಿವು ಮರಳಿ ಸ್ಟಾರ್ಟ್ ಆಗುವ ರೀತಿಯಲ್ಲಿದೆ, ಮತ್ತು ಅದನ್ನು ಗಮನವಿಟ್ಟು ಬರೆದುಕೊಂಡವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಏನೂ ಮಾಡದೆ ಸುಮ್ಮನೆ ಹತ್ತು ನಿಮಿಷ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುತ್ತದೆ ಎಂದಾದರೆ ಟ್ಯಾಂಕಿನ ಕಡೆ ಅಡ್ಡಿಯಿದೆ. ಎಷ್ಟು ಹೊತ್ತು ಬಿಟ್ಟರೂ ಆಗದೆ, ಏರ್ ತೆಗೆದ ಕೂಡಲೇ ಸ್ಟಾರ್ಟ್ ಆಗುತ್ತದೆ ಎಂದಾದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಏರ್ ತೆಗೆದರೂ ಆಗದೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಸ್ಟಾರ್ಟ್ ಆಗುತ್ತದೆ ಎಂದಾದರೆ ಆಗ, ಆಗ ಮಾತ್ರ, ಡೀಸೆಲ್ ಪಂಪನ್ನು ಸಂಶಯದಿಂದ ನೋಡಬಹುದು.

ಟ್ಯಾಂಕಿನಿಂದ ಫಿಲ್ಟರಿನವರೆಗೆ

ಈ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಟ್ಯಾಂಕ್ ಬಾನೆಟ್ಟಿನ ಕೆಳಗೆ, ಇಂಜಿನ್ನಿನ ಮೇಲೆ ಕುಳಿತಿರುತ್ತದೆ. ಅಲ್ಲಿಂದ ಡೀಸೆಲ್ ತನ್ನ ಭಾರದಿಂದಲೇ ಇಳಿದು ನಲ್ಲಿಯ ಮೂಲಕ ಫೀಡ್ ಪಂಪಿಗೆ ಬರುತ್ತದೆ. ಫೀಡ್ ಪಂಪ್ ಅದನ್ನು ಫಿಲ್ಟರುಗಳ ಮೂಲಕ ತಳ್ಳುತ್ತದೆ. ಅಲ್ಲಿಂದ ಮುಂದೆ ಡೀಸೆಲ್ ಪಂಪ್, ಹೈ ಪ್ರೆಶರ್ ಪೈಪುಗಳು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳು. ಪೂರ್ತಿ ಭಾರ ಎಳೆಯುವಾಗ ಈ ಇಂಜಿನ್ ಗಂಟೆಗೆ ಸುಮಾರು 7ರಿಂದ 9 ಲೀಟರ್ ಡೀಸೆಲ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 120ರಿಂದ 150 ಮಿಲಿಲೀಟರ್, ಒಂದು ಲೋಟಕ್ಕಿಂತ ಕಡಿಮೆ. ದಾರಿ ಮುಕ್ಕಾಲು ಪಾಲು ಮುಚ್ಚಿಹೋಗಿದ್ದರೂ ಮನೆಯ ಮುಂದೆ ಖಾಲಿ ಓಡುವಾಗ ಇಂಜಿನ್ನಿಗೆ ಅದು ಗೊತ್ತಾಗುವುದಿಲ್ಲ. ‘ಗ್ಯಾರೇಜಿನಲ್ಲಿ ಚೆನ್ನಾಗಿತ್ತು, ಹೊಲಕ್ಕೆ ಬಂದರೆ ನಿಲ್ಲುತ್ತದೆ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಇಂಜಿನ್ ಸೊರಗಲು ಶುರುವಾದ ಕೂಡಲೇ ಟ್ರ್ಯಾಕ್ಟರನ್ನು ನಿಲ್ಲಿಸಿ ಗೇರ್ ತೆಗೆದು, ಟ್ಯಾಂಕಿನ ಮುಚ್ಚಳವನ್ನು ಅರ್ಧ ತಿರುವು ಸಡಿಲಿಸಬೇಕು. ಬುಸ್ ಎಂಬ ಸದ್ದಿನೊಂದಿಗೆ ಗಾಳಿ ಒಳಗೆ ಸೇರಿ ಇಂಜಿನ್ ಚೇತರಿಸಿಕೊಂಡರೆ, ಮುಚ್ಚಳದಲ್ಲಿರುವ ಉಸಿರು ರಂಧ್ರ ಧೂಳು ಮತ್ತು ಡೀಸೆಲ್ ಜಿಡ್ಡಿನಿಂದ ಮುಚ್ಚಿಹೋಗಿದೆ. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಹರಿವು ನಿಲ್ಲುತ್ತದೆ. ಹಳೆಯ ಮುಚ್ಚಳ ಕಳೆದುಹೋಗಿ, ಅಳತೆಗೆ ಕೂತಿತೆಂದು ಬೇರೆ ಯಾವುದೋ ರಂಧ್ರವಿಲ್ಲದ ಮುಚ್ಚಳ ಹಾಕಿದ ಟ್ರ್ಯಾಕ್ಟರುಗಳಲ್ಲೂ ಇದೇ ಆಗುತ್ತದೆ.

ಮುಚ್ಚಳ ಸರಿಯಿದ್ದರೆ ಬಕೆಟ್ ಪರೀಕ್ಷೆ. ಇಂಜಿನ್ ತಣ್ಣಗಿರುವಾಗ, ಬೀಡಿ ಬೆಂಕಿ ಹತ್ತಿರವಿಲ್ಲದ ಕಡೆ, ಫೀಡ್ ಪಂಪಿಗೆ ಬರುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಿಟ್ಟು ನಲ್ಲಿ ತೆರೆಯಬೇಕು. ಇಲ್ಲಿ ಬಹಳಷ್ಟು ಜನ ಒಂದು ತಪ್ಪು ಮಾಡುತ್ತಾರೆ: ಅರ್ಧ ನಿಮಿಷ ಧಾರೆ ನೋಡಿ, ಚೆನ್ನಾಗಿ ಬರುತ್ತಿದೆ ಎಂದು ನಲ್ಲಿ ಮುಚ್ಚಿಬಿಡುತ್ತಾರೆ. ದೋಷ ಮುಕ್ಕಾಲು ಗಂಟೆಗೆ ಬರುವಂಥದ್ದಾದರೆ ಪರೀಕ್ಷೆಗೂ ಅಷ್ಟು ಅವಕಾಶ ಕೊಡಬೇಕು. ಮುಚ್ಚಳವನ್ನು ಬಿಗಿಯಾಗಿಟ್ಟು, ಕನಿಷ್ಠ 5 ಲೀಟರ್ ಇಳಿಯುವವರೆಗೆ ಬಿಟ್ಟು, ಧಾರೆ ಸಣ್ಣದಾಗುತ್ತದೆಯೇ ಎಂದು ನೋಡುತ್ತಿರಬೇಕು.

ನನ್ನ 1035ರಲ್ಲಿ ಧಾರೆ ನಾಲ್ಕನೆಯ ಲೀಟರಿನ ಹೊತ್ತಿಗೆ ನೂಲಿನಷ್ಟಾಯಿತು. ಅದಕ್ಕೂ ಮೊದಲು ನಾನು ಪಂಪನ್ನು ಬಿಚ್ಚಿಸಿ, ಸರ್ವಿಸ್ ಮಾಡಿಸಿ, ಎರಡು ಫಿಲ್ಟರ್ ಬದಲಿಸಿ, ಒಂದು ಮುಂಗಾರಿನ ಬಿತ್ತನೆಯ ಹದವನ್ನೇ ಕಳೆದುಕೊಂಡಿದ್ದೆ. ಟ್ಯಾಂಕನ್ನು ಇಳಿಸಿ ತೊಳೆದಾಗ ಸಿಕ್ಕಿದ್ದು ಡೀಸೆಲ್ ಕ್ಯಾನಿನ ಮುಚ್ಚಳದೊಳಗಿರುವ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಹರಿವು ಇರುವಷ್ಟು ಹೊತ್ತು ಅದು ಮೆಲ್ಲನೆ ಜಾರಿ ಬಂದು ಕೆಳಗಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ನಿಂತು ಹರಿವು ನಿಂತ ಮೇಲೆ ಬಿಟ್ಟುಕೊಂಡು ಪಕ್ಕಕ್ಕೆ ಸರಿಯುತ್ತಿತ್ತು. ಹಳೆಯ ಟ್ಯಾಂಕುಗಳ ತುಕ್ಕಿನ ಹಕ್ಕಳೆಗಳೂ, ನೀರು ನಿಂತ ತಳದಲ್ಲಿ ಬೆಳೆಯುವ ಲೋಳೆಯೂ ಇದನ್ನೇ ಮಾಡುತ್ತವೆ. ಆದ್ದರಿಂದ ಧಾರೆ ಸಣ್ಣದಾದರೆ ಪೈಪಿಗೆ ಗಾಳಿ ಊದಿ ಸುಮ್ಮನಾಗಬಾರದು. ಊದಿದ ಗಾಳಿ ಕಸವನ್ನು ಟ್ಯಾಂಕಿಗೆ ಹಿಂದೆ ತಳ್ಳುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಟ್ಯಾಂಕನ್ನು ಇಳಿಸಿ, ನಲ್ಲಿಯನ್ನೂ ಅದರ ಜಾಲರಿಯನ್ನೂ ಕಳಚಿ, ಸ್ವಲ್ಪ ಡೀಸೆಲಿನ ಜೊತೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ ತೊಳೆದು, ಹಾಕಿದ ನಟ್ಟುಗಳನ್ನು ಎಣಿಸಿ ಹೊರತೆಗೆಯಬೇಕು.

ಗಾಳಿ ಎಲ್ಲಿಂದ ಬರುತ್ತಿದೆ

ಗಾಳಿಯ ದೋಷ ಹೆಚ್ಚು ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಗಾಳಿ ನುಗ್ಗುವ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕದೇ ಇರಬಹುದು. ಟ್ಯಾಂಕ್ ಮೇಲಿರುವುದರಿಂದ, ಫೀಡ್ ಪಂಪಿಗಿಂತ ಹಿಂದಿನ ಯಾವುದೇ ಸಡಿಲ ಜೋಡಣೆಯಲ್ಲಿ ಡೀಸೆಲ್ ಹೊರಕ್ಕೆ ಜಿನುಗಬೇಕೇ ವಿನಾ ಗಾಳಿ ಒಳಕ್ಕೆ ಹೋಗಬಾರದು ಎಂದು ತೋರುತ್ತದೆ. ನಿಂತ ಟ್ರ್ಯಾಕ್ಟರಿನಲ್ಲಿ ಅದು ನಿಜ. ಆದರೆ ಮೇಲೆ ಹೇಳಿದಂತೆ ಟ್ಯಾಂಕಿನ ಬಾಯಿ ಅರ್ಧ ಮುಚ್ಚಿದ್ದರೆ, ಓಡುತ್ತಿರುವ ಇಂಜಿನ್ನಿನ ಫೀಡ್ ಪಂಪ್ ಆ ಪೈಪಿನಲ್ಲಿ ಎಳೆತ ಉಂಟುಮಾಡುತ್ತದೆ, ಆಗ ಒದ್ದೆಯೂ ಆಗದಷ್ಟು ಸಣ್ಣ ಸಂದಿನಿಂದ ಗಾಳಿ ಒಳಗೆ ಬರುತ್ತದೆ. ಹೀಗೆ ಎರಡು ದೋಷಗಳು ಒಂದರ ನೆರಳಲ್ಲಿ ಇನ್ನೊಂದು ಅಡಗಿರುತ್ತವೆ. ಏರ್ ತೆಗೆದು ಸರಿಹೋಯಿತೆಂದುಕೊಂಡವರಿಗೆ ಎರಡು ದಿನಕ್ಕೆ ಅದೇ ಕಾಟ ಮರಳುತ್ತದೆ. ಟ್ಯಾಂಕಿನ ಹರಿವನ್ನು ಮೊದಲು ಖಚಿತಪಡಿಸಿಕೊಂಡು ಆಮೇಲೆ ಗಾಳಿಯನ್ನು ಹುಡುಕಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹುಡುಕುವುದಕ್ಕೆ ಫಿಲ್ಟರಿನಿಂದ ಡೀಸೆಲ್ ಪಂಪಿಗೆ ಹೋಗುವ ಪೈಪಿನ ಬದಲು ತಾತ್ಕಾಲಿಕವಾಗಿ ಪಾರದರ್ಶಕ ಪೈಪ್ ಜೋಡಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿದು, ಏರ್ ತೆಗೆದು ಇಂಜಿನ್ ಓಡಿಸಬೇಕು. ಮೊದಲ ಒಂದೆರಡು ನಿಮಿಷ ಉಳಿದ ಗುಳ್ಳೆಗಳು ಸಹಜವಾಗಿ ಸಾಗುತ್ತವೆ. ಆಮೇಲೂ ನಿಲ್ಲದೆ ಗುಳ್ಳೆಗಳು ಬರುತ್ತಿದ್ದರೆ ಗಾಳಿ ಫಿಲ್ಟರಿನಲ್ಲೋ ಅದಕ್ಕಿಂತ ಹಿಂದೆಯೋ ಸೇರುತ್ತಿದೆ. ಈಗ ಅದೇ ಪೈಪನ್ನು ಫಿಲ್ಟರಿನ ಹಿಂದಕ್ಕೆ, ಫೀಡ್ ಪಂಪಿಗೂ ಫಿಲ್ಟರಿಗೂ ನಡುವೆ ಹಾಕಿ ನೋಡಬೇಕು. ಅಲ್ಲಿ ಗುಳ್ಳೆ ಇಲ್ಲದಿದ್ದರೆ ದೋಷ ಫಿಲ್ಟರಿನದು. ಅಲ್ಲೂ ಇದ್ದರೆ ಇನ್ನೂ ಹಿಂದೆ ಹೋಗಬೇಕು. ಅನುಮಾನ ಪೂರ್ತಿ ಪರಿಹಾರವಾಗಬೇಕಾದರೆ, 10 ಲೀಟರಿನ ಶುದ್ಧ ಕ್ಯಾನೊಂದನ್ನು ಟ್ಯಾಂಕಿನಷ್ಟೇ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪ್ ಕೊಟ್ಟು, ದೋಷ ಬರುವ ಹೊತ್ತು ದಾಟುವಂತೆ ಒಂದು ಗಂಟೆ ಭಾರದ ಕೆಲಸ ಮಾಡಿಸಬೇಕು. ದೋಷ ಮಾಯವಾದರೆ ಪಂಪ್, ನಾಜಲ್, ಫಿಲ್ಟರ್ ಯಾವುದರ ತಪ್ಪೂ ಅಲ್ಲ, ಟ್ಯಾಂಕ್ ಮತ್ತು ಅದರ ಪೈಪಿನದೇ ತಪ್ಪು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಕ್ಯಾನ್ ಮತ್ತು ಪೈಪ್ ಸೈಲೆನ್ಸರಿಗೆ ತಗುಲದಂತೆ ಕಟ್ಟುವುದನ್ನು ಮರೆಯಬಾರದು.

ಫಿಲ್ಟರಿನಲ್ಲಿ ಗಾಳಿ ಸೇರುವುದು ಬಹುಪಾಲು ರಬ್ಬರ್ ರಿಂಗುಗಳಿಂದ. ಎಲಿಮೆಂಟ್ ಬದಲಿಸುವಾಗ ಹಳೆಯ ರಿಂಗು ಫಿಲ್ಟರ್ ತಲೆಯ ತೋಡಿನಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಎಷ್ಟು ಬಿಗಿದರೂ ಸೋರಿಕೆ ನಿಲ್ಲುವುದಿಲ್ಲ. ನಡುವಿನ ಬೋಲ್ಟಿನ ಕೆಳಗಿರುವ ಸಣ್ಣ ರಿಂಗನ್ನು ಬದಲಿಸದೆ ಬಿಡುವುದು ಇನ್ನೊಂದು ಸಾಮಾನ್ಯ ಮರೆವು. ಪೈಪುಗಳ ಬ್ಯಾಂಜೋ ಬೋಲ್ಟಿನ (ಡೀಸೆಲ್ ಹಾಯುವಂತೆ ಒಳಗೆ ತೂತಿರುವ ಬೋಲ್ಟ್) ಎರಡೂ ಬದಿಯ ತಾಮ್ರದ ವಾಷರುಗಳು ಹಲವು ಸಲ ಬಿಗಿದು ಗಡುಸಾಗಿರುತ್ತವೆ; ಹೊಸದು ಸಿಗುವ ತನಕ ಅವನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆದುವಾಗಿ ಚೆನ್ನಾಗಿ ಕೂರುತ್ತದೆ.

ಫೀಡ್ ಪಂಪಿನ ಬಗ್ಗೆ ಒಂದು ಎಚ್ಚರಿಕೆ. ಅದರ ಡಯಾಫ್ರಂ ಹರಿದರೆ ಡೀಸೆಲ್ ನೇರವಾಗಿ ಇಂಜಿನ್ನಿನ ಎಣ್ಣೆಗೆ ಸೇರಬಹುದು. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಬರುತ್ತಿದ್ದರೆ, ಆ ಕ್ಷಣವೇ ಕೆಲಸ ನಿಲ್ಲಿಸಬೇಕು. ತೆಳುವಾದ ಎಣ್ಣೆಯಲ್ಲಿ ಬೇರಿಂಗುಗಳು ಹೆಚ್ಚು ಹೊತ್ತು ಬಾಳುವುದಿಲ್ಲ. ಡೀಸೆಲ್ ಪಂಪಿನ ಶಾಫ್ಟಿನ ಸೀಲ್ ಹೋದಾಗಲೂ ಇದೇ ಲಕ್ಷಣ ಕಾಣುತ್ತದಾದ್ದರಿಂದ ಎರಡನ್ನೂ ನೋಡಬೇಕು. ದೋಷ ಸರಿಪಡಿಸಿದ ಮೇಲೆ ಎಣ್ಣೆಯನ್ನೂ ಎಣ್ಣೆ ಫಿಲ್ಟರನ್ನೂ ಬದಲಿಸದೆ ಇಂಜಿನ್ ಓಡಿಸಬಾರದು.

ಏರ್ ತೆಗೆಯುವ ಕ್ರಮ

ಈ ಇಂಜಿನ್ನುಗಳಲ್ಲಿ ಹೆಚ್ಚಾಗಿ ಕಾಣುವ ಡೀಸೆಲ್ ಪಂಪ್ ಸಿಎವಿ ಕಂಪನಿಯ ಡಿಪಿಎ ಎಂಬ ರೋಟರಿ ಬಗೆಯದು. ಸಾಲು ಪಂಪಿನಂತೆ ಸಿಲಿಂಡರಿಗೊಂದು ಪ್ಲಂಜರ್ ಘಟಕ ಇದರಲ್ಲಿ ಇರುವುದಿಲ್ಲ. ತಿರುಗುವ ಒಂದೇ ರೋಟರ್ ಮೂರೂ ಸಿಲಿಂಡರಿಗೆ ಸರದಿಯಂತೆ ಡೀಸೆಲ್ ಹಂಚುತ್ತದೆ, ಮತ್ತು ಪಂಪಿನ ಒಳಭಾಗಗಳಿಗೆ ಡೀಸೆಲೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಅದಕ್ಕಾಗಿಯೇ ಇದು ನೀರನ್ನೂ ಸೀಮೆಎಣ್ಣೆ ಬೆರೆತ ಡೀಸೆಲನ್ನೂ ಸಹಿಸುವುದಿಲ್ಲ.

ಮೊದಲು ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈ ಸನ್ನೆಯನ್ನು ಆಡಿಸಬೇಕು. ಸನ್ನೆಗೆ ಹಿಡಿತವೇ ಸಿಗದಿದ್ದರೆ ಪಂಪ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು: ಕ್ಯಾಮ್ ಶಾಫ್ಟಿನ ಉಬ್ಬು ಪಂಪನ್ನು ಆಗಲೇ ಎತ್ತಿ ಹಿಡಿದಿದ್ದರೆ ಹೀಗಾಗುತ್ತದೆ, ಇಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಹಿಡಿತ ಮರಳುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಆ ಸ್ಕ್ರೂ ಬಿಗಿದು, ಡೀಸೆಲ್ ಪಂಪಿನ ಮೈಮೇಲಿರುವ ಎರಡು ಸ್ಕ್ರೂಗಳನ್ನು, ಅಂದರೆ ರೋಟರ್ ತಿರುಗುವ ಹೈಡ್ರಾಲಿಕ್ ಹೆಡ್ಡಿನ ಪಕ್ಕದ್ದನ್ನೂ ವೇಗ ನಿಯಂತ್ರಿಸುವ ಗವರ್ನರ್ ಗೂಡಿನ ಮೇಲಿನದನ್ನೂ, ಸಡಿಲಿಸಿ ಮತ್ತೆ ಸನ್ನೆ ಆಡಿಸಬೇಕು. ಹೆಡ್ಡಿನದನ್ನು ಮೊದಲು ಬಿಗಿದು, ಗವರ್ನರಿನದನ್ನು ಆಮೇಲೆ ಬಿಗಿಯುವುದು ವಾಡಿಕೆ. ಕೊನೆಗೆ ಎರಡು ನಾಜಲ್‌ಗಳ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಬಂದ್ ಮಾಡುವ ಹಿಡಿಯನ್ನು ಪೂರ್ತಿ ಒಳಗೆ ತಳ್ಳಿ, ರೇಸ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಬೇಕು. ಡೀಸೆಲ್ ಚಿಮ್ಮಿದ ಮೇಲೆ ನಟ್ಟು ಬಿಗಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ನಾಜಲ್ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲದು. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡದೆ ರಟ್ಟಿನ ತುಂಡು ಹಿಡಿದು ನೋಡಬೇಕು, ಹಾಗೇನಾದರೂ ಚುಚ್ಚಿದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಿಸಿಯಾದಾಗ ಮಾತ್ರ ಮುಷ್ಕರ ಹೂಡುವ ಪಂಪ್

ಹರಿವು ಸರಿಯಿದೆ, ಗುಳ್ಳೆಯಿಲ್ಲ, ಆದರೂ ಬಿಸಿ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ರಾತ್ರಿ ಕಳೆದರೆ ಬೆಳಿಗ್ಗೆ ಸಲೀಸಾಗಿ ಆಗುತ್ತದೆ ಎಂದಾದರೆ ಡೀಸೆಲ್ ಪಂಪಿನ ಹೆಡ್ ಮತ್ತು ರೋಟರ್ ಸವೆದಿರುವ ಸಾಧ್ಯತೆ ಬಲವಾಗಿದೆ. ಇವೆರಡರ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ. ಸವೆದಾಗ, ಬಿಸಿಯಾಗಿ ತೆಳುವಾದ ಡೀಸೆಲ್ ಆ ಸಂದಿನಿಂದಲೇ ಹಿಂದಕ್ಕೆ ಜಾರಿಹೋಗಿ, ಸೆಲ್ಫಿನ ನಿಧಾನ ವೇಗದಲ್ಲಿ ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಖಚಿತಪಡಿಸಿಕೊಳ್ಳುವ ವಿಧಾನ ಸರಳ: ಇಂಜಿನ್ ಬಂದ್ ಆಗಿರುವಾಗ ಒದ್ದೆ ಗೋಣಿಚೀಲವನ್ನು ಪಂಪಿನ ಮೇಲೆ ಹೊದಿಸಿ, ಸ್ವಲ್ಪ ಸ್ವಲ್ಪ ತಣ್ಣೀರು ಹಾಕುತ್ತಾ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಬೇಕು. ಇಂಜಿನ್ ಬಿಸಿಯಿದ್ದೂ ಪಂಪ್ ಮಾತ್ರ ತಣ್ಣಗಾದ ಕೂಡಲೇ ಸ್ಟಾರ್ಟ್ ಆದರೆ ಸಂಶಯಕ್ಕೆ ಎಡೆಯಿಲ್ಲ. ಓಡುತ್ತಿರುವ ಪಂಪಿಗೆ ಎಂದೂ ನೀರು ಹಾಕಬಾರದು. ಹೊರಗಿನ ಮೈ ತಟ್ಟನೆ ಕುಗ್ಗಿ ಒಳಗಿನ ರೋಟರನ್ನು ಕಚ್ಚಿಕೊಳ್ಳಬಹುದು. ಈ ಹಂತದಲ್ಲಿ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಪಂಪಿನ ಟೆಸ್ಟ್ ಬೆಂಚ್ ಇರುವ ಕಡೆಗೇ ಒಯ್ಯಬೇಕು, ಮತ್ತು ಮೇಲಿನ ಪರೀಕ್ಷೆಗಳ ಫಲವನ್ನು ಅಲ್ಲಿಯವರಿಗೆ ಹೇಳಬೇಕು.

ಬಿಡಿಭಾಗ ಹುಡುಕುವಾಗ

ಹಳೆಯ ಟ್ರ್ಯಾಕ್ಟರಿನ ಭಾಗ ಕೇಳುವಾಗ ‘ಮ್ಯಾಸಿ 35ರದ್ದು ಕೊಡಿ’ ಎಂದಷ್ಟೇ ಹೇಳಿದರೆ ಸಾಲದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1957ರ ಕೊನೆಯಿಂದ ಬಂದ ಕೆಂಪು ಬಣ್ಣದ 35ರ ಮೊದಲ ಡೀಸೆಲ್ ಗಾಡಿಗಳಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ ಇಂಜಿನ್ ಇತ್ತು. ಪರ್ಕಿನ್ಸ್ ಮೂರು ಸಿಲಿಂಡರ್ ಬಂದದ್ದು 1959ರ ಕೊನೆಯಲ್ಲಿ. ಎರಡರ ಇಂಜಿನ್ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮಲ್ಲಿ 1960ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟ್ಯಾಫೆ ಕಂಪನಿ ಮ್ಯಾಸಿ ಟ್ರ್ಯಾಕ್ಟರುಗಳನ್ನು ತಯಾರಿಸಿತು, ಅದೇ ನಗರದ ಸಿಂಪ್ಸನ್ ಕಂಪನಿ ಪರ್ಕಿನ್ಸ್ ವಿನ್ಯಾಸದ ಇಂಜಿನ್ನುಗಳನ್ನು ತಯಾರಿಸಿತು. ಆಮದಾಗಿ ಬಂದ 35ರ ಪರ್ಕಿನ್ಸ್ ಇಂಜಿನ್ನಿಗೆ ಗ್ಯಾಸ್ಕೆಟ್, ಲೈನರ್, ಫೀಡ್ ಪಂಪ್ ಹುಡುಕುವವರು ಮೊದಲು ಸಿಂಪ್ಸನ್ ಭಾಗಗಳ ಅಂಗಡಿಯಲ್ಲಿ ಕೇಳಿದರೆ ಅಲೆದಾಟ ಬಹಳ ಕಡಿಮೆಯಾಗುತ್ತದೆ. ಹಾಗೆಂದು ಕಣ್ಣು ಮುಚ್ಚಿ ತರಬಾರದು. ಹಳೆಯದನ್ನು ಕೈಯಲ್ಲಿ ಹಿಡಿದು, ಪಕ್ಕದಲ್ಲಿಟ್ಟು, ಬೋಲ್ಟಿನ ರಂಧ್ರಗಳಿಂದ ಸನ್ನೆಯ ಉದ್ದದವರೆಗೆ ಅಳೆದು ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಮಾಲು ಗುರುತಿಸಬಲ್ಲವರು ಇನ್ನೂ ಇದ್ದಾರೆ, ಆದರೆ ಅವರಿಗೂ ಕೈಗೆ ಮಾದರಿ ಸಿಕ್ಕರೆ ಕೆಲಸ ಸುಲಭ.

ಪಂಪಿನ ವಿಷಯದಲ್ಲಿ ಟ್ರ್ಯಾಕ್ಟರಿನ ಹೆಸರು ಹೇಳುವುದೇ ಬೇಡ. ಪಂಪಿನ ಮೈಮೇಲೆ ಸಣ್ಣ ತಟ್ಟೆಯಿದೆ. ಉಜ್ಜಿ ತೆಗೆಯದೆ ಡೀಸೆಲ್ ಬಟ್ಟೆಯಿಂದ ಮೆಲ್ಲನೆ ಒರೆಸಿ ಅದರ ಸಂಖ್ಯೆಯನ್ನು ಫೋಟೋ ತೆಗೆದುಕೊಳ್ಳಬೇಕು. ದಶಕಗಳಲ್ಲಿ ಯಾರಾದರೂ ಬೇರೆ ಗಾಡಿಯ ಪಂಪ್ ಕೂರಿಸಿರಬಹುದು, ಆಗ ಗಾಡಿಯ ಹೆಸರಿನಿಂದ ತಂದ ಸೀಲ್ ಕಿಟ್ ಹೊಂದುವುದಿಲ್ಲ.

ಗಾಳಿಯ ದೋಷಕ್ಕೆ ನೇರ ಸಂಬಂಧವಿರುವ ಇನ್ನೊಂದು ಸಂಗತಿ ಮರೆಗಳದ್ದು, ಅಂದರೆ ಬೋಲ್ಟ್ ಮತ್ತು ರಂಧ್ರಗಳಲ್ಲಿರುವ ತಿರುಪಿನ ಸುತ್ತುಗಳದ್ದು. ಹಳೆಯ ಸಿಎವಿ ಫಿಲ್ಟರ್ ತಲೆಗಳ ಪೈಪ್ ರಂಧ್ರಗಳು ಸಾಮಾನ್ಯವಾಗಿ ಅರ್ಧ ಇಂಚಿನ ಯುಎನ್‌ಎಫ್ ಮರೆಯವು, ಅಂದರೆ 12.7 ಮಿಲಿಮೀಟರ್ ವ್ಯಾಸ, ಇಂಚಿಗೆ 20 ಸುತ್ತು. ಈಗ ಅಂಗಡಿಯಲ್ಲಿ ಸಿಗುವ ತಲೆಗಳಲ್ಲಿ 14 ಮಿಲಿಮೀಟರ್ ವ್ಯಾಸ, 1.5 ಅಂತರದ ಮೆಟ್ರಿಕ್ ಮರೆಯವೂ ಇವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹೊಸ ತಲೆಗೆ ಹಳೆಯ ಬೋಲ್ಟ್ ಹಾಕಿದರೆ ಅದು ಸಡಿಲವಾಗಿ ಆಡುತ್ತದೆ. ಹಗ್ಗದ ನೂಲು ಸುತ್ತಿ, ಅಂಟು ಬಳಿದು ಅದನ್ನು ನಿಲ್ಲಿಸಿದ ಗಾಡಿಗಳನ್ನು ನೋಡಿದ್ದೇನೆ, ಅವುಗಳಲ್ಲಿ ಗಾಳಿ ಹೋಗುವುದು ನಿಂತದ್ದನ್ನು ನೋಡಿಲ್ಲ. ತಲೆ ಬದಲಿಸಿದರೆ ಬ್ಯಾಂಜೋ ಬೋಲ್ಟ್ ಮತ್ತು ವಾಷರುಗಳನ್ನೂ ಅದರ ಜೊತೆಯಲ್ಲೇ, ಅದೇ ಅಂಗಡಿಯಲ್ಲಿ, ಕೈಯಿಂದ ತಿರುಗಿಸಿ ನೋಡಿ ತರಬೇಕು.

ಎಲ್ಲ ಜೋಡಿಸಿದ ಮೇಲೆ ಮನೆಯಂಗಳದಲ್ಲಿ ಓಡಿಸಿ ಸಮಾಧಾನಪಡುವಂತಿಲ್ಲ. ದೋಷ ಮುಕ್ಕಾಲು ಗಂಟೆಗೆ ಬರುತ್ತಿದ್ದರೆ, ಪಾರದರ್ಶಕ ಪೈಪನ್ನು ಹಾಗೆಯೇ ಬಿಟ್ಟು, ಅದೇ ಹೊಲದಲ್ಲಿ ಅದೇ ಕಲ್ಟಿವೇಟರಿನೊಂದಿಗೆ ಎರಡು ಗಂಟೆ ಉಳಬೇಕು. ನಡುನಡುವೆ ಇಳಿದು ಗುಳ್ಳೆ ಇದೆಯೇ ಎಂದು ನೋಡಿ, ಸಂಜೆ ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟ ಬೆಳಗಿನಷ್ಟೇ ಇದೆಯೇ ಎಂದು ಪರೀಕ್ಷಿಸಿದ ಮೇಲೆ ಪೈಪನ್ನು ತೆಗೆದು ಮೂಲ ಪೈಪನ್ನು ಹಾಕಬಹುದು.